ಹನ್ನೊಂದು ಜನರ ಮನೆಗೆ ಪ್ಲಾನ್ ಹಾಕುವ ಮುನ್ನ

"ಎಷ್ಟು ಬೆಡ್‌ರೂಮು ಬೇಕು?"

ಪ್ಲಾನ್ ಬರೆಯಲು ಕೂತವರು ಕೇಳುವ ಮೊದಲ ಪ್ರಶ್ನೆ ಇದು. ಹಿಂದಿನ ಸಲ ನಾವೂ ಥಟ್ಟಂತ "ನಾಲ್ಕು" ಅಂದಿದ್ದೆವು. 30×40 ಸೈಟಿನಲ್ಲಿ ನಾಲ್ಕೂ ಬಂದವು, ಎಲ್ಲರಿಗೂ ಖುಷಿ. ಆಮೇಲೆ ಅಜ್ಜಿಗೆ ಮಂಡಿ ಆಪರೇಷನ್ ಆಯಿತು. ಮೂರು ರೂಮು ಮಹಡಿ ಮೇಲೆ. ಕೆಳಗಿದ್ದ ಒಂದು ರೂಮಿನಿಂದ ಬಚ್ಚಲಿಗೆ ಹೋಗಲು ಹಾಲ್, ಊಟದ ಜಾಗ ಎರಡನ್ನೂ ದಾಟಬೇಕು. ಕೊನೆಗೆ ಅಜ್ಜಿ ಮೂರು ತಿಂಗಳು ಹಾಲ್‌ನಲ್ಲೇ ಮಲಗಿದರು, ಹಗ್ಗದ ಮೇಲೆ ಇಳಿಬಿಟ್ಟ ಹಳೆ ಸೀರೆಯ ಹಿಂದೆ. ಟೀವಿ ಬಾಯಿ ಮುಚ್ಚಿತು. ಬಂದ ನೆಂಟರು ಸೀರೆ ಪಕ್ಕ ಕೂತು, ಪಿಸುಮಾತಿನಲ್ಲಿ ಕಾಫಿ ಕುಡಿದು ಹೋದರು.

ಈಗ ಮೈಸೂರಿನ ಬೋಗಾದಿಯಾಚೆ 40×60 ಸೈಟಿನಲ್ಲಿ ಎರಡನೇ ಮನೆ. ಅಜ್ಜಿ, ಅತ್ತೆ-ಮಾವ, ನಾವಿಬ್ಬರು, ಮೈದುನ-ಓರಗಿತ್ತಿ, ನಾಲ್ಕು ಮಕ್ಕಳು. ಒಟ್ಟು 11 ಜನ. ಮದ್ದೂರು ಕಡೆಯ ನಮ್ಮೂರಿಂದ ಬರುವ ಅಕ್ಕಿ, ರಾಗಿ ಮೂಟೆ, ತೆಂಗಿನಕಾಯಿ ಲೆಕ್ಕ ಬೇರೆ. ಈ ಸಲ ಪ್ಲಾನ್‌ಗೇ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಏನೇನು ಮಾಡಿದೆವು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೆಳಗ್ಗೆ ಏನಾಗುತ್ತದೆ ಬರೆಯಿರಿ

ರೂಮಿನ ಲೆಕ್ಕ ಬಿಡಿ. ಒಂದು ಹಾಳೆ ತೆಗೆದುಕೊಂಡು ಫ್ರಿಜ್ ಮೇಲೆ ಅಂಟಿಸಿ. ಬೆಳಗ್ಗೆ 5.30ರಿಂದ 8.30ರವರೆಗೆ ಯಾರು, ಎಲ್ಲಿ, ಎಷ್ಟು ಹೊತ್ತು ಅಂತ ಒಂದು ವಾರ ಗುರುತು ಹಾಕಿ. ಸುಮ್ನೆ ಟಿಕ್ ಮಾಡಿದರೂ ಸಾಕು.

ನಮ್ಮ ಹಾಳೆ ನೋಡಿದರೆ, 7ರಿಂದ 7.45ರೊಳಗೆ ಆರು ಜನಕ್ಕೆ ಬಚ್ಚಲು ಬೇಕು. ಆ ಹೊತ್ತಿನಲ್ಲಿ ಬೆಡ್‌ರೂಮುಗಳೆಲ್ಲ ಖಾಲಿ. ನಮಗೆ ಕಡಿಮೆ ಬಿದ್ದದ್ದು ರೂಮಲ್ಲ, ಬಚ್ಚಲಿನ ಬಾಗಿಲು! ಒಬ್ಬರು ಹಲ್ಲುಜ್ಜಲು ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಪಾಯಿಖಾನೆಗೂ ಬೀಗ, ಸ್ನಾನಕ್ಕೂ ಬೀಗ. ಊರಿನ ಮನೆಯಲ್ಲಿ ಬಚ್ಚಲುಮನೆ, ಪಾಯಿಖಾನೆ ಬೇರೆ ಬೇರೆ ಇದ್ದವು. ಅದನ್ನೇ ವಾಪಸ್ ತಂದೆವು. ಎಲ್ಲರೂ ಬಳಸುವ ಕಡೆ 5×5 ಅಡಿಯ ಬಚ್ಚಲು, ಪಕ್ಕದಲ್ಲಿ 3½×4½ ಅಡಿಯ ಪಾಯಿಖಾನೆ, ಅವುಗಳ ಗೋಡೆಯ ಹೊರಬದಿಗೆ ಎರಡು ಬೇಸಿನ್. ಒಂದು ದೊಡ್ಡ ಬಾತ್‌ರೂಮಿನ ಜಾಗದಲ್ಲಿ ನಾಲ್ಕು ಜನರ ಕೆಲಸ ಒಟ್ಟಿಗೆ ಆಗುತ್ತದೆ. ಪ್ರತಿ ರೂಮಿಗೂ ಅಟ್ಯಾಚ್ಡ್ ಬೇಕೇ ಬೇಕು ಅನ್ನುವ ಹಟ ಬಿಟ್ಟರೆ ದುಡ್ಡೂ ಉಳಿಯುತ್ತದೆ.

ಸೈಟು ದೊಡ್ಡದು, ಮನೆ ಅಷ್ಟಿಲ್ಲ

40×60 ಅಂದರೆ 2400 ಚದರಡಿ, ನಮ್ಮ ಮಾತಿನಲ್ಲಿ 24 ಚದರ. ಅಷ್ಟೂ ಮನೆಯಾಗಲ್ಲ. ಸುತ್ತ ಎಷ್ಟು ಬಿಡಬೇಕು ಅನ್ನುವುದು ಸೈಟಿನ ಅಳತೆ, ಮುಂದಿನ ರಸ್ತೆಯ ಅಗಲ, ಕಟ್ಟುವ ಎತ್ತರ ನೋಡಿ ಬದಲಾಗುತ್ತದೆ. ಪ್ಲಾನ್‌ಗೆ ಒಪ್ಪಿಗೆ ಕೊಡುವ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಲೆಕ್ಕಕ್ಕೆಂದು ಮುಂದೆ 10 ಅಡಿ, ಉಳಿದ ಮೂರು ಕಡೆ ಐದೈದು ಅಡಿ ಬಿಟ್ಟೆವು ಅಂತಿಟ್ಟುಕೊಳ್ಳಿ. 30×45 ಉಳಿಯಿತು, ಅಂದರೆ 1350 ಚದರಡಿ. ಸುತ್ತ 9 ಇಂಚಿನ ಗೋಡೆ ಎದ್ದರೆ ಒಳಗೆ ಸಿಗುವುದು 28½×43½. ಬರೀ ಹೊರಗೋಡೆಯೇ ಒಂದು ಚದರಕ್ಕಿಂತ ಜಾಸ್ತಿ ನುಂಗಿತು! ಒಳಗೋಡೆಗಳ ಲೆಕ್ಕ ಇನ್ನೂ ಬಂದಿಲ್ಲ. ಪ್ಲಾನ್‌ನಲ್ಲಿ "10×12 ರೂಮು" ಅಂತ ಬರೆದಿದ್ದರೆ ಅದು ಗೋಡೆ ಸೇರಿಸಿಯೋ ಬಿಟ್ಟೋ ಅಂತ ಕೇಳಿ. ನಾವು ಹಿಂದಿನ ಸಲ ಕೇಳಿರಲಿಲ್ಲ. ಬೀರು ಬಾಗಿಲು ಇವತ್ತಿಗೂ ಮಂಚಕ್ಕೆ ಬಡಿಯುತ್ತದೆ.

ಇಷ್ಟು ಅಗಲದ ಮನೆಯಲ್ಲಿ ನಡುವೆ ಕತ್ತಲು ಗ್ಯಾರಂಟಿ. ಹಗಲಲ್ಲೂ ಲೈಟ್ ಹಾಕಿ ಓಡಾಡುವ ಮನೆ ಎಷ್ಟು ನೋಡಿಲ್ಲ? ಊರಿನ ತೊಟ್ಟಿ ಮನೆಯನ್ನು ನೆನೆದು ನಡುವೆ 6×8 ಅಡಿ ತೆರೆದು ಬಿಟ್ಟೆವು. ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಒಂದಡಿ ಎತ್ತರಕ್ಕೆ ಬೆಳಕು ಬಿಡುವ ಶೀಟು. ಎರಡರ ನಡುವಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಅರ್ಧ ಚದರ ಹೋಯಿತು ಅಂತ ಮೈದುನನಿಗೆ ಬೇಜಾರು. ಇರಲಿ.

ಬಿಸಿಲೂ ವಾಸ್ತುವೂ

ಪಡುವಣ ಗೋಡೆ ಮಧ್ಯಾಹ್ನವೆಲ್ಲ ಕಾದು ರಾತ್ರಿ ಹತ್ತಾದರೂ ಬಿಸಿ ಉಗುಳುತ್ತದೆ. ಮಲಗುವ ರೂಮು ಆ ಕಡೆ ಬೇಡ. ಮೆಟ್ಟಿಲು, ಸ್ಟೋರು, ಬಚ್ಚಲು ಅಲ್ಲಿಗೆ ತಳ್ಳಿ. ಇನ್ನೊಂದು ವಿಷಯ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ, ಸಜ್ಜಾ ಬೇಡ ಅನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ಆಗಸ್ಟ್ ನಡುವಿನವರೆಗೂ ಆ ಕಡೆಯೇ. ಉತ್ತರಕ್ಕೂ ಸಜ್ಜಾ ಬೇಕು.

ವಾಸ್ತು ನೋಡಿಸುವ ಮನೆಯವರಾದರೆ ಪೆನ್ಸಿಲ್ ಹಿಡಿಯುವಾಗಲೇ ನೋಡಿಸಿ. ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ಸಂಪು, ನೈಋತ್ಯಕ್ಕೆ ಹಿರಿಯರ ರೂಮು: ಇಷ್ಟನ್ನು ಮೊದಲೇ ಇಟ್ಟುಕೊಂಡು ಉಳಿದದ್ದನ್ನು ಹೊಂದಿಸಬಹುದು. ಪಾಯ ಎದ್ದ ಮೇಲೆ ಯಾರೋ ಬಂದು "ಬಾಗಿಲು ಎರಡಡಿ ಸರಿಸಿ" ಅಂದರೆ ಕಾಲಂ ಸರಿಯುತ್ತದಾ? ನೈಋತ್ಯದ ರೂಮಿಗೆ ಪಡುವಣ ಬಿಸಿಲು ಬಿದ್ದೇ ಬೀಳುತ್ತದೆ. ನಾವು ಆ ಗೋಡೆಗೆ ಉದ್ದಕ್ಕೂ ಬೀರು ಕೂರಿಸಿದೆವು. ಕಾವು ಬಟ್ಟೆಗೆ, ನಿದ್ದೆ ಮನುಷ್ಯರಿಗೆ.

ಅಜ್ಜಿಯ ರೂಮು

ಕೆಳಗೇ ಇರಲಿ, ಬಚ್ಚಲು ಒಳಗೇ ಇರಲಿ. ಅಟ್ಯಾಚ್ಡ್ ಬೇಕಾದ ರೂಮು ಒಂದೇ ಇದ್ದರೆ ಅದು ಇದೇ. ಬಚ್ಚಲಿಗೆ ಮಾಮೂಲಿ ಎರಡೂವರೆ ಅಡಿ ಬಾಗಿಲು ಇಟ್ಟರೆ ಚೌಕಟ್ಟು ಕಳೆದು ಸಿಗುವುದು 24 ಇಂಚಿನ ಆಸುಪಾಸು. ಗಾಲಿಕುರ್ಚಿ ಅದರಲ್ಲಿ ಹೋಗಲ್ಲ. 3 ಅಡಿ ಬಾಗಿಲು ಇಡಿ. ಬಾಗಿಲು ಹೊರಗೆ ತೆರೆಯಲಿ, ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಅಡ್ಡವಾದರೆ ಒಳಗೆ ತಳ್ಳಲು ಬರಲ್ಲ. ಹೊಸ್ತಿಲು ಬೇಡ, ನೀರು ಹೊರಗೆ ಬರದಂತೆ ನೆಲದ ಇಳಿಜಾರೇ ತಡೆಯಲಿ.

ಅಡುಗೆಮನೆಗೆ ಪುರುಸೊತ್ತು ಕೊಡಿ

ನಮ್ಮನೆಯಲ್ಲಿ ಜಾಸ್ತಿ ಜಗಳ ಆದದ್ದು ಇದರ ಬಗ್ಗೆ. ಜಾಸ್ತಿ ಕಲಿತದ್ದೂ ಇಲ್ಲೇ.

ಅತ್ತೆ, ಓರಗಿತ್ತಿ, ನಾನು ಮೂವರೂ ಒಟ್ಟಿಗೆ ಒಳಗಿರುತ್ತೇವೆ. ಎದುರುಬದುರು ಕಟ್ಟೆ ಇದ್ದರೆ ನಡುವೆ 3 ಅಡಿ ಸಾಲದು. ಒಬ್ಬರು ಬಗ್ಗಿ ಕೆಳಗಿನ ಪಾತ್ರೆ ತೆಗೆದರೆ ಇನ್ನೊಬ್ಬರು ಬಿಸಿ ಸಾರು ಹಿಡಿದು ನಿಂತೇ ಇರಬೇಕು. 4 ಅಡಿ ಬಿಡಿ. ಫ್ರಿಜ್, ನೀರಿನ ಫಿಲ್ಟರು ಎರಡನ್ನೂ ಅಡುಗೆಮನೆ ಬಾಗಿಲಿನಿಂದ ಹೊರಗೆ, ಊಟದ ಕಡೆ ಇಟ್ಟೆವು. ನೀರಿನ ಬಾಟಲಿ ಹಿಡಿದ ಮಕ್ಕಳು ಕಾಲಡಿ ಸಿಗುವುದು ತಪ್ಪಿತು.

ಇನ್ನು ಮುದ್ದೆ. ಮಾಡ್ಯುಲರ್ ಕಿಚನ್ ಮಾಡುವವರು 33 ಇಂಚು ಎತ್ತರದ ಕಟ್ಟೆ ತೋರಿಸಿದರು. ಚೆನ್ನಾಗಿಯೇ ಇತ್ತು. ಅತ್ತೆ ಟೇಪು ಹಿಡಿದು ನಿಂತರು. 33 ಇಂಚಿನ ಕಟ್ಟೆ, ಮೇಲೆ 5 ಇಂಚಿನ ಸ್ಟೌ, ಅದರ ಮೇಲೆ ಒಂದಡಿ ಎತ್ತರದ ಹಿಟ್ಟಿನ ಪಾತ್ರೆ. ಪಾತ್ರೆಯ ಬಾಯಿ 50 ಇಂಚಿಗೆ ಬಂತು, ಅತ್ತೆಯ ಭುಜಕ್ಕೆ ಸಮ. "ಭುಜದ ಮೇಲೆ ಕೋಲು ಎತ್ಕಂಡು ಹಿಟ್ಟು ತೊಳ್ಸಕಾದದಾ?" ಅಂದರು. ಹನ್ನೊಂದು ಜನರ ಹಿಟ್ಟು ತೊಳಸಬೇಕಾದರೆ ಮೈಭಾರ ಪೂರ್ತಿ ಕೋಲಿನ ಮೇಲೆ ಬೀಳಬೇಕು. ಪಾತ್ರೆಯ ಬಾಯಿ ಸೊಂಟದ ಆಸುಪಾಸಿನಲ್ಲಿದ್ದರೆ ಮಾತ್ರ ಅದಾಗುತ್ತದೆ. ಹಾಗಾಗಿ ಹಿಂದಿನ ಯುಟಿಲಿಟಿಯಲ್ಲಿ 20 ಇಂಚು ಎತ್ತರಕ್ಕೆ ಕಡಪ ಕಲ್ಲಿನ ಗಿಡ್ಡ ಕಟ್ಟೆ, ಅದರ ಮೇಲೆ ದಪ್ಪ ಬರ್ನರಿನ ಒಲೆ. ಬಾಡೂಟದ ದಿನ ದೊಡ್ಡ ಪಾತ್ರೆಗೂ ಅದೇ ಜಾಗ. ನಿಮ್ಮ ಮನೆಯಲ್ಲಿ ಅದು ರೊಟ್ಟಿಯೋ ದೋಸೆಯೋ ಇರಬಹುದು. ದಿನಾ ಮಾಡುವ ಅಡುಗೆಯ ಪಾತ್ರೆಯನ್ನೇ ಇಟ್ಟು ಎತ್ತರ ಅಳೆಯಿರಿ.

ಸ್ಟೋರ್ ರೂಮಿನ ಬಾಗಿಲು ಹಿತ್ತಿಲ ಕಡೆ ಬರಲಿ. ಮೂಟೆ ಹೊತ್ತವರು ಹಾಲ್ ದಾಟಿ ಬರುವುದು ಬೇಡ. ಮೂಟೆಗೆ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಚಪ್ಪಡಿ, ಮೇಲೆ ಜಾಲರಿ ಹಾಕಿದ ಗೂಡು ಕಿಟಕಿ. ಇಲಿ, ನುಸಿ ಎರಡರ ಕಾಟವೂ ಕಡಿಮೆ.

ಮೆಟ್ಟಿಲು, ಮತ್ತೆ ಯಾರೂ ಬಾಯಿಬಿಡದ ಮಾತು

10 ಅಡಿ ಎತ್ತರ ಹತ್ತಬೇಕಾದರೆ 7 ಇಂಚಿನಂತೆ 17 ಮೆಟ್ಟಿಲು, 6 ಇಂಚಿನಂತೆ 20. ವಯಸ್ಸಾದವರಿದ್ದರೆ 6 ಇಂಚು ದಾಟಬೇಡಿ. ನಮ್ಮ ಮೇಸ್ತ್ರಿಗೆ ಬೆಸ ಸಂಖ್ಯೆಯೇ ಆಗಬೇಕಿತ್ತು, 21 ಮಾಡಿದರು. ಎತ್ತರ 6 ಇಂಚಿಗಿಂತ ಚೂರು ಕಡಿಮೆಯಾಯಿತು, ಮಂಡಿಗೆ ಒಳ್ಳೆಯದೇ. 10 ಇಂಚು ಅಗಲದ ಮೆಟ್ಟಿಲು, ನಡುವೆ ತಿರುವು ಇಟ್ಟರೆ ಸುಮಾರು 6½×11½ ಅಡಿ ಜಾಗ ಬೇಕು. ತಿರುವಿನಲ್ಲಿ 3 ಅಡಿಗಿಂತ ಕಡಿಮೆ ಬಿಟ್ಟರೆ ಬೀರು ಮೇಲೆ ಹೋಗಲ್ಲ, ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆಯಬೇಕು.

ಎಲ್ಲಿಡಬೇಕು? ಮುಂಬಾಗಿಲ ಹತ್ತಿರ. ನಾಳೆ ಒಂದು ಬಾಗಿಲು ಹಾಕಿದರೆ ಮೇಲಿನದು ಬೇರೆ ಮನೆಯಾಗುವ ಹಾಗೆ. ಅಣ್ಣ-ತಮ್ಮ ಒಟ್ಟಿಗಿರುವಾಗ ಇದನ್ನು ಹೇಳುವುದು ಕಷ್ಟ. ಮೇಲೂ ಒಂದು ಕಡೆ ನೀರಿನ ಪೈಪು, ಸಿಂಕಿನ ಪೈಪು ಬಿಡೋಣ ಅಂತ ಬಾಯಿತಪ್ಪಿ ನಾನೇ ಹೇಳಿದೆ. "ಇನ್ನೂ ಪಾಯನೇ ತೆಗೆದಿಲ್ಲ, ಆಗ್ಲೇ ಒಲೆ ಎರಡು ಮಾಡಕ್ ಹೊಂಟ್ರಾ?" ಅಂತ ಅತ್ತೆ ಎದ್ದು ಹೋದರು. ಎರಡು ದಿನ ಮಾತಿಲ್ಲ. ಮಾವ ಒಂದು ದಾರಿ ಹುಡುಕಿದರು. ಪೈಪು ಬಂದವು, ಪ್ಲಾನ್‌ನಲ್ಲಿ ಅದರ ಹೆಸರು "ಬಟ್ಟೆ ಒಗೆಯುವ ಜಾಗ".

ನೀರು, ನೆಂಟರು

ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಮ್ಮಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. 11 ಜನಕ್ಕೆ 1500 ಹತ್ತಿರ. ದಿನ ಬಿಟ್ಟು ದಿನ ನೀರು ಬಂದರೂ ತಡೆಯಬೇಕಾದರೆ 3000, ನೆಂಟರು ಸೇರಿ 4000. 6×5×5 ಅಡಿಯ ಸಂಪಿನಲ್ಲಿ ಸುಮಾರು 4200 ಲೀಟರ್ ಹಿಡಿಯುತ್ತದೆ. ಮೇಲಿನ ಬಚ್ಚಲು ಕೆಳಗಿನ ಬಚ್ಚಲಿನ ನೆತ್ತಿಗೇ ಬರಲಿ. ಪೈಪು ನೇರ ಇಳಿಯುತ್ತದೆ, ಸೋರಿದರೂ ಹಾಲ್ ಮೇಲೆ ಸೋರಲ್ಲ.

ಮೈಸೂರಲ್ಲಿ ಮನೆ ಅಂದಮೇಲೆ ದಸರಾಕ್ಕೆ ನೆಂಟರು ಬರದೆ ಇರುತ್ತಾರಾ? ಅವರಿಗೆಂದು ರೂಮು ಕಟ್ಟಬೇಡಿ, ವರ್ಷವೆಲ್ಲ ಧೂಳು ತಿನ್ನುತ್ತದೆ. ಹಾಲ್ ಉದ್ದ ಇರಲಿ. ನಮ್ಮದು 14×20. ನೆಲದ ಮೇಲೆ ಪಂಕ್ತಿಗೆ ತಲೆಗೆ 2 ಅಡಿ ಹಿಡಿದರೆ ಒಂದು ಸಾಲಿಗೆ ಹತ್ತು ಜನ, ರಾತ್ರಿ ಅಲ್ಲೇ ಹಾಸಿಗೆ. ಒಂದು ಗೋಡೆಯಲ್ಲಾದರೂ 8 ಅಡಿ ಬಾಗಿಲು, ಕಿಟಕಿ ಇಲ್ಲದೆ ಖಾಲಿ ಬಿಡಿ. ಗೊಂಬೆ ಕೂರಿಸಲು ಜಾಗ ಬೇಕಲ್ವಾ.

ಕೊನೆಗೆ ಸುಣ್ಣ

ಕಾಗದದ ಮೇಲೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಪ್ಲಾನ್ ಒಪ್ಪಿಗೆಗೆ ಕೊಡುವ ಮೊದಲು ಒಂದು ಭಾನುವಾರ ಸೈಟು ಸಮ ಮಾಡಿಸಿ, ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನಿಜ ಅಳತೆಗೆ ಬರೆಸಿ. ಬಾಗಿಲಿನ ಜಾಗದಲ್ಲಿ ಗೆರೆ ಬಿಡಿ. ಮನೆಯವರೆಲ್ಲ ಒಳಗೆ ಓಡಾಡಿ, ಗೆರೆ ದಾಟದೆ. ಮೈದುನ ಎರಡು ಹಳೆ ಚಾಪೆ ತಂದು ಮಂಚದ ಅಳತೆಗೆ, 6×6½ ಅಡಿಗೆ, ಹಾಸಿದ. "ಅಮ್ಮಾವ್ರೇ, ಬೀರು ಬಾಗ್ಲು ತೆಗೀರಿ ನೋಡವಾ," ಅಂದರು ಮೇಸ್ತ್ರಿ. ನಾನು ಗಾಳಿಯಲ್ಲಿ ಬಾಗಿಲು ಎಳೆದೆ. ಹಿಂದಕ್ಕೆ ಹೆಜ್ಜೆ ಇಟ್ಟರೆ ಕಾಲು ಚಾಪೆ ಮೇಲೆ. ರೂಮು ಒಂದಡಿ ಉದ್ದವಾಯಿತು, ಹಾಲ್ ಪಕ್ಕದ ಓಣಿ ಅಷ್ಟು ಸಣ್ಣದಾಯಿತು.

ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತು ತಂದು ಅವರ ರೂಮಿನಲ್ಲಿ, ತಲೆದಿಂಬು ಬರುವ ಕಡೆ ಕೂರಿಸಿದೆವು. ಸುತ್ತ ನೋಡಿದರು. ರೂಮು ಸಾಲುತ್ತದಾ ಅಂತ ಕೇಳಿದೆ.

"ಸಾಲ್ತದೆ. ಗೇಟು ಕಾಣಕ್ಕಿಲ್ವಲ್ಲ? ಯಾರ್ ಬಂದ್ರು ಯಾರ್ ಹೋದ್ರು ನಂಗೆಂಗ್ ಗೊತ್ತಾಗದು?"

ಮೇಸ್ತ್ರಿ ಬಗ್ಗಿ ಅಜ್ಜಿಯ ಕಣ್ಣಿನ ಮಟ್ಟದಿಂದ ಗೇಟಿನ ಕಡೆ ನೋಡಿದರು. ಕಿಟಕಿಯ ಗುರುತನ್ನು ಚಪ್ಪಲಿಯಲ್ಲಿ ಉಜ್ಜಿ, ಎರಡಡಿ ಎಡಕ್ಕೆ ಇನ್ನೊಂದು ಗೆರೆ ಎಳೆದರು.