ಗ್ರಾಂಟ್ ಅರ್ಜಿ ಬರೆಯುವ ಮೊದಲು ಫೌಂಡೇಶನ್ನಿನ ಲೆಕ್ಕಪತ್ರ ಓದಿ

ಅಮೆರಿಕದಲ್ಲಿ ಚರ್ಚು, ದೇವಸ್ಥಾನ, ಮಸೀದಿಗಳ ಆಸರೆಯಲ್ಲಿ ಊಟ ಹಂಚುವ, ಮಕ್ಕಳಿಗೆ ಪಾಠ ಹೇಳುವ, ವಯಸ್ಸಾದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಸಣ್ಣ ಗುಂಪುಗಳು ತುಂಬಾ ಇವೆ. ಕೆಲಸ ಚೆನ್ನಾಗಿಯೇ ನಡೆಯುತ್ತಿರುತ್ತದೆ, ದುಡ್ಡು ಸಾಲುವುದಿಲ್ಲ. ಆಗ ಸಭೆಯಲ್ಲಿ ಯಾರೋ "ಫೌಂಡೇಶನ್ ಗ್ರಾಂಟ್ ಕೇಳೋಣ" ಅನ್ನುತ್ತಾರೆ, ಅಂದರೆ ದಾನ ಕೊಡುವುದಕ್ಕೆಂದೇ ಇರುವ ಸಂಸ್ಥೆಗಳಿಂದ ವಾಪಸ್ ಕೊಡಬೇಕಿಲ್ಲದ ನೆರವು, ಎಲ್ಲರೂ ಸ್ವಲ್ಪ ಬರೆಯಲು ಬರುವವರ ಕಡೆ ತಿರುಗಿ ನೋಡುತ್ತಾರೆ. ನಮ್ಮ ಗುಂಪಿನಲ್ಲಿ ಹಾಗೆ ಸಿಕ್ಕಿಬಿದ್ದವನು ನಾನು. ಮೊದಲ ಸಲ ಒಂದೇ ಪತ್ರವನ್ನು ಹೆಸರು ಬದಲಿಸಿ ಇಪ್ಪತ್ತು ಕಡೆ ಕಳಿಸಿದೆ. ಒಂದೂ ಸಿಗಲಿಲ್ಲ, ಹೆಚ್ಚಿನವರು ಉತ್ತರವನ್ನೂ ಕೊಡಲಿಲ್ಲ. ಪತ್ರ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಯಾರಿಗೆ ಬರೆಯುತ್ತಿದ್ದೇನೆ ಅಂತಲೇ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಇದನ್ನು ತಿಳಿದುಕೊಳ್ಳುವುದು ಕಷ್ಟವಲ್ಲ, ಖರ್ಚೂ ಇಲ್ಲ. ಖಾಸಗಿ ಫೌಂಡೇಶನ್‌ಗಳು ಪ್ರತಿ ವರ್ಷ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಫಾರ್ಮ್ 990-ಪಿಎಫ್ ಅನ್ನುವ ಲೆಕ್ಕಪತ್ರ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಪ್ರೊಪಬ್ಲಿಕಾ ಸುದ್ದಿಸಂಸ್ಥೆಯ ವೆಬ್‌ಸೈಟ್ ಆದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಫೌಂಡೇಶನ್ನಿನ ಹೆಸರು ಹಾಕಿದರೆ ಪುಕ್ಕಟೆ ಸಿಗುತ್ತದೆ. ಶುರುವಿನ ಪುಟಗಳ ಹೂಡಿಕೆ, ತೆರಿಗೆ ಲೆಕ್ಕ ಬಿಟ್ಟು ಕೊನೆಯ ಕಡೆಗೆ ಹೋಗಿ. ಅಲ್ಲಿ ಆ ವರ್ಷ ಯಾರಿಗೆ, ಎಷ್ಟು, ಯಾವುದಕ್ಕೆ ಕೊಟ್ಟರು ಅನ್ನುವ ಪಟ್ಟಿ ಇರುತ್ತದೆ. ಮೂರು ವರ್ಷದ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಬರೀ ಮ್ಯೂಸಿಯಂ, ಯೂನಿವರ್ಸಿಟಿಗಳೇ ಇದ್ದರೆ ನಿಮ್ಮ ಊಟದ ಕೆಲಸಕ್ಕೆ ಅಲ್ಲಿ ಜಾಗವಿಲ್ಲ, ವೆಬ್‌ಸೈಟಿನಲ್ಲಿ ಎಷ್ಟೇ ಚೆಂದದ ಮಾತು ಬರೆದಿದ್ದರೂ ಇಲ್ಲ. ನಿಮ್ಮಂಥದ್ದೇ ಸಣ್ಣ ಗುಂಪುಗಳಿಗೆ 5,000 ಡಾಲರ್, 8,000 ಡಾಲರ್ ಕೊಟ್ಟಿದ್ದರೆ ನೀವೂ ಅಷ್ಟರ ಆಸುಪಾಸಿನಲ್ಲೇ ಕೇಳಿ. ಮೊದಲ ಸಲವೇ 50,000 ಕೇಳಬೇಡಿ.

ಆ ಪಟ್ಟಿಯ ಮೇಲೆಯೇ ಒಂದು ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದ್ದರೆ, ಆ ಫೌಂಡೇಶನ್ ಮೊದಲೇ ಆರಿಸಿಕೊಂಡ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ, ಕರೆಯದೆ ಬಂದ ಅರ್ಜಿ ನೋಡುವುದಿಲ್ಲ ಅಂತ ಅರ್ಥ. ನನ್ನ ಇಪ್ಪತ್ತು ಪತ್ರಗಳಲ್ಲಿ ಒಂಬತ್ತು ಇಂಥ ಕಡೆಗೇ ಹೋಗಿದ್ದವು! ಅಲ್ಲಿ ದಾರಿ ಒಂದೇ, ಟ್ರಸ್ಟಿಗಳ ಹೆಸರು ಅದೇ ಫಾರ್ಮಿನಲ್ಲಿ ಇರುತ್ತದೆ, ನಿಮ್ಮ ಬೋರ್ಡಿನವರಿಗೆ ತೋರಿಸಿ, ಯಾರಿಗಾದರೂ ಪರಿಚಯ ಇದೆಯಾ ಕೇಳಿ. ಇಲ್ಲದಿದ್ದರೆ ಬಿಟ್ಟು ಮುಂದಕ್ಕೆ ಹೋಗಿ.

ಹುಡುಕುವುದಕ್ಕೆ ಕ್ಯಾಂಡಿಡ್ ಅನ್ನುವ ಸಂಸ್ಥೆಯ ಫೌಂಡೇಶನ್‌ಗಳ ಡೇಟಾಬೇಸ್ ಇದೆ. ಫೌಂಡೇಶನ್ ಸೆಂಟರ್ ಮತ್ತು ಗೈಡ್‌ಸ್ಟಾರ್ ಎರಡೂ 2019ರಲ್ಲಿ ಸೇರಿ ಆದದ್ದು ಈ ಕ್ಯಾಂಡಿಡ್. ಚಂದಾ ದುಬಾರಿ, ಆದರೆ ಎಷ್ಟೋ ಪಬ್ಲಿಕ್ ಲೈಬ್ರರಿಗಳಲ್ಲಿ ಕೂತು ಸುಮ್ನೆ ನೋಡಬಹುದು. ನಿಮ್ಮ ಊರಿನ ಕಮ್ಯುನಿಟಿ ಫೌಂಡೇಶನ್ನನ್ನು, ಅಂದರೆ ಹಲವರ ದಾನ ಕೂಡಿಸಿ ಆ ಊರಿನ ಕೆಲಸಗಳಿಗೆ ಹಂಚುವ ಸಂಸ್ಥೆಯನ್ನು, ಮರೆಯಬೇಡಿ. 1914ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಶುರುವಾದ ಪದ್ಧತಿ ಇದು, ಈಗ ದೇಶದ ತುಂಬಾ ಇವೆ. ಹೊಸಬರು ಅಲ್ಲಿಂದ ಶುರು ಮಾಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಫೋನ್ ಮಾಡಿದರೆ ಎತ್ತಿ ಮಾತಾಡುವವರು ಇರುತ್ತಾರೆ.

ಇನ್ನು ಧರ್ಮದ ವಿಷಯ. "ನಾವು ಧಾರ್ಮಿಕ ಉದ್ದೇಶಕ್ಕೆ ಕೊಡುವುದಿಲ್ಲ" ಅನ್ನುವ ಸಾಲು ನೋಡಿದ ಕೂಡಲೇ ಬಹಳ ಜನ ಕೈಬಿಡುತ್ತಾರೆ. ಬೇಡ, ಪೂರ್ತಿ ಓದಿ. ಎಷ್ಟೋ ಕಡೆ ಅದರ ಅರ್ಥ ಪೂಜೆಗೆ, ಧರ್ಮಪ್ರಚಾರಕ್ಕೆ, ಪ್ರಾರ್ಥನೆಯ ಕಟ್ಟಡಕ್ಕೆ ಕೊಡುವುದಿಲ್ಲ ಅಂತ. ಯಾವ ಧರ್ಮದವರು ಬಂದರೂ ಊಟ ಕೊಡುವ ಪ್ಯಾಂಟ್ರಿಗೆ ಅವರೇ ಕೊಟ್ಟಿರುತ್ತಾರೆ, ಬೇಕಾದರೆ 990-ಪಿಎಫ್ ಪಟ್ಟಿಯಲ್ಲಿ ನೋಡಿ. ಹಾಗಂತ ನಿಮ್ಮ ನಂಬಿಕೆಯನ್ನು ಮುಚ್ಚಿಡುವುದೂ ತಪ್ಪು, ಹೆಸರಿನಲ್ಲೇ ಗೊತ್ತಾಗುತ್ತದೆ ಅಲ್ವಾ? ನಾವು ಯಾರು ಅನ್ನುವುದಕ್ಕೆ ಒಂದು ಸಾಲು, ಎಲ್ಲರಿಗೂ ಬಾಗಿಲು ತೆರೆದಿದೆ, ಸಹಾಯ ಪಡೆಯಲು ಯಾರೂ ಪ್ರಾರ್ಥನೆಗೆ ಬರಬೇಕಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಲು, ಆಮೇಲೆ ಪೂರ್ತಿ ಕೆಲಸದ ಮಾತು. ಕಾಗದದಲ್ಲಿ ಬರೆದರೆ ಸಾಲದು, ಆ ಕೆಲಸದ ಲೆಕ್ಕವೂ ಬೇರೆ ಇರಬೇಕು. ಊಟದ ದುಡ್ಡು, ಹುಂಡಿಯ ದುಡ್ಡು ಒಂದೇ ಪುಸ್ತಕದಲ್ಲಿ ಕಲಸಿಹೋಗಿದ್ದರೆ ಯಾರೂ ಧೈರ್ಯವಾಗಿ ಕೊಡುವುದಿಲ್ಲ. ಧರ್ಮದ ಕೆಲಸಕ್ಕೇ ಕೊಡುವವರೂ ಇದ್ದಾರೆ, ಇಂಡಿಯಾನಾಪೊಲಿಸ್‌ನಲ್ಲಿ 1937ರಲ್ಲಿ ಶುರುವಾದ ಲಿಲ್ಲಿ ಎಂಡೋಮೆಂಟ್ ಅದರಲ್ಲಿ ದೊಡ್ಡದು.

ಕಾಗದಪತ್ರದಲ್ಲಿ ಒಂದು ತೊಡಕಿದೆ. ಕಾನೂನಿನ ಪ್ರಕಾರ ಚರ್ಚುಗಳು, ಅಂದರೆ ದೇವಸ್ಥಾನ ಮಸೀದಿಗಳೂ ಸೇರಿ, ಅರ್ಜಿ ಹಾಕದೆಯೇ 501(ಸಿ)(3) ಅನ್ನುವ ತೆರಿಗೆ ವಿನಾಯಿತಿ ಪಡೆಯುತ್ತವೆ, ಪ್ರತಿ ವರ್ಷ ಲೆಕ್ಕ ಕೊಡುವ ಫಾರ್ಮ್ 990 ಕೂಡ ಬೇಕಿಲ್ಲ. ಆದರೆ ಫೌಂಡೇಶನ್ನಿನವರು ಸಾಮಾನ್ಯವಾಗಿ ಕೇಳುವುದೇ ಐಆರ್‌ಎಸ್ ಕೊಟ್ಟ, ವಿನಾಯಿತಿ ಇದೆ ಅನ್ನುವ ಡಿಟರ್ಮಿನೇಶನ್ ಲೆಟರ್. ಅದು ಇಲ್ಲದಿದ್ದರೆ ಕಡ್ಡಾಯವಲ್ಲದಿದ್ದರೂ ನೀವಾಗಿಯೇ ವಿನಾಯಿತಿಯ ಅರ್ಜಿಯಾದ ಫಾರ್ಮ್ 1023 ಹಾಕಿ ಪಡೆಯಬಹುದು, ಇಲ್ಲವೇ ಸೇವಾಕೆಲಸಕ್ಕೆ ಬೇರೆ ಸಂಸ್ಥೆ ಮಾಡಬಹುದು, ಅಲ್ಲಿಯವರೆಗೆ ಪತ್ರ ಇರುವ ಇನ್ನೊಂದು ಸಂಸ್ಥೆಯನ್ನು ಫಿಸ್ಕಲ್ ಸ್ಪಾನ್ಸರ್ ಆಗಿ, ಅಂದರೆ ನಿಮ್ಮ ಪರವಾಗಿ ಗ್ರಾಂಟ್ ಪಡೆದು ನಿಮ್ಮ ಕೆಲಸಕ್ಕೆ ಕೊಡುವವರಾಗಿ, ಹಿಡಿಯಬಹುದು. ಸ್ಪಾನ್ಸರ್ ಸಾಮಾನ್ಯವಾಗಿ ಬಂದ ದುಡ್ಡಿನಲ್ಲಿ ಸ್ವಲ್ಪ ಇಟ್ಟುಕೊಳ್ಳುತ್ತಾರೆ, ಎಷ್ಟು ಅಂತ ಮೊದಲೇ ಬರಹದಲ್ಲಿ ಮಾಡಿಕೊಳ್ಳಿ. ಬೇರೆ ಸಂಸ್ಥೆ ಮಾಡಿದರೆ ಅದರ ಫಾರ್ಮ್ 990 ಪ್ರತಿ ವರ್ಷ ಸಲ್ಲಿಸುವುದನ್ನು ಮರೆಯಬೇಡಿ. ಸತತ ಮೂರು ವರ್ಷ ಬಿಟ್ಟರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬರೆಯಲು ಕೂರಿ. ಬಹಳ ಕಡೆ ಮೊದಲು ಕೇಳುವುದು ಎರಡು ಮೂರು ಪುಟದ ವಿಚಾರಣೆಯ ಪತ್ರ, ಅಂದರೆ ಲೆಟರ್ ಆಫ್ ಇನ್‌ಕ್ವೈರಿ ಮಾತ್ರ. ಮೊದಲ ಪ್ಯಾರಾದಲ್ಲೇ ಎಷ್ಟು ದುಡ್ಡು, ಯಾವ ಕೆಲಸಕ್ಕೆ, ಯಾರಿಗೆ ಅಂತ ಹೇಳಿಬಿಡಿ, ಸಂಸ್ಥೆಯ ಹುಟ್ಟಿನ ಕಥೆ ಆಮೇಲೆ, ಅದೂ ಚಿಕ್ಕದಾಗಿ. "ಅನೇಕ ಕುಟುಂಬಗಳಿಗೆ ನೆರವು" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಕಳೆದ ವರ್ಷ ಎಷ್ಟು ಶನಿವಾರ ಬಾಗಿಲು ತೆರೆದಿರಿ, ಎಷ್ಟು ಮನೆಯವರು ಬಂದರು, ಎಷ್ಟು ಸಲ ಊಟ ಸಾಲದೆ ವಾಪಸ್ ಕಳಿಸಿದಿರಿ, ಇದನ್ನು ಬರೆಯಿರಿ. ಆ ಕೊನೆಯ ಅಂಕಿಯನ್ನು ಜನ ನಾಚಿಕೊಂಡು ಬರೆಯದೆ ಬಿಡುತ್ತಾರೆ, ಆದರೆ ದುಡ್ಡು ಯಾಕೆ ಬೇಕು ಅನ್ನುವುದನ್ನು ಹೇಳುವುದೇ ಅದು. ಬಜೆಟ್ಟಿನಲ್ಲಿ ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರ ಸಂಬಳ ಇವನ್ನೂ ಹಾಕಿ, ಅವರು ಬೇಡ ಅಂತ ಬರೆದಿಲ್ಲದಿದ್ದರೆ.

ಬಂದ ದುಡ್ಡಿನಲ್ಲಿ ಪರ್ಸೆಂಟೇಜ್ ಕೊಡಿ, ಅರ್ಜಿ ನಾನು ಬರೆಯುತ್ತೇನೆ ಅನ್ನುವವರು ಸಿಗುತ್ತಾರೆ. ದೂರ ಇಡಿ. ಗ್ರಾಂಟ್ ಅರ್ಜಿ ಬರೆಯುವವರ ಸಂಘವಾದ ಗ್ರಾಂಟ್ ಪ್ರೊಫೆಷನಲ್ಸ್ ಅಸೋಸಿಯೇಶನ್ನಿನ ನೀತಿಸಂಹಿತೆಯೇ ಇದನ್ನು ಒಪ್ಪುವುದಿಲ್ಲ. ಕೂಲಿ ಕೊಡುವುದಾದರೆ ಗಂಟೆಗೆ ಇಷ್ಟು ಅಂತಲೋ, ಒಂದು ಅರ್ಜಿಗೆ ಇಷ್ಟು ಅಂತಲೋ ಮಾತಾಡಿ.

ಇಲ್ಲ ಅಂತ ಉತ್ತರ ಬಂದರೆ ಒಂದು ವಾರ ಬಿಟ್ಟು ಥ್ಯಾಂಕ್ಸ್ ಹೇಳಿ, ಎಲ್ಲಿ ಕಮ್ಮಿಯಾಯಿತು, ಮುಂದಿನ ಸಲ ಹಾಕಬಹುದಾ ಅಂತ ಎರಡು ಸಾಲಿನಲ್ಲಿ ಕೇಳಿ. ಎರಡನೇ ವರ್ಷ ನಾನು ಆರು ಕಡೆ ಮಾತ್ರ ಬರೆದೆ, ಎರಡು ಸಿಕ್ಕವು. ಅದರಲ್ಲಿ ಒಂದು, ಹಿಂದಿನ ವರ್ಷ ಇಲ್ಲ ಅಂದು, ಬಜೆಟ್ ಸರಿಯಿಲ್ಲ ಅಂತ ಫೋನಿನಲ್ಲಿ ತಿಳಿಸಿ ಹೇಳಿದವರದ್ದೇ.