ಸಾಫ್ಟನರ್ ರೆಸಿನ್ ಬದಲಿಸದೆ ತೊಳೆದು ಉಳಿಸಿಕೊಂಡೆ

ಬಾಯ್ಲರ್‌ಗೆ ನೀರು ಕೊಡುವ ಸಾಫ್ಟನರ್ ನೋಡಿಕೊಳ್ಳುವುದು ನನ್ನ ಕೆಲಸ. ಅದು ನೀರಿನ ಗಡಸುತನ ತೆಗೆಯುವ ಟ್ಯಾಂಕ್, ಒಳಗಿರುವ ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತವೆ. ಒಂದು ರೀಜನರೇಷನ್‌ಗೆ (ಉಪ್ಪು ನೀರು ಹಾಯಿಸಿ ರೆಸಿನ್ ಮತ್ತೆ ಸಜ್ಜು ಮಾಡುವುದು) ಎಷ್ಟು ನೀರು ಸಿಗಬೇಕೋ ಅದರ ಅರ್ಧಕ್ಕೇ ಹಾರ್ಡ್‌ನೆಸ್, ಅಂದರೆ ಗಡಸುತನ, ಬರತೊಡಗಿತು. ಟೆಸ್ಟ್‌ಗೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನೋ ಸೂಚಕ ಬಣ್ಣ ಹಾಕಿದರೆ ನೀಲಿ ಬರಬೇಕು, ಕೆಂಪು ಬರುತ್ತಿತ್ತು. ರೆಸಿನ್ ಹೋಯ್ತು, ಹೊಸದು ಹಾಕಿಸಿ ಅಂದರು ಎಲ್ಲರೂ. ನಾನು ಉಪ್ಪು ಜಾಸ್ತಿ ಮಾಡಿ ನೋಡಿದೆ. ಏನೂ ಬದಲಾಗಲಿಲ್ಲ, ಉಪ್ಪು ಸುಮ್ನೆ ಹಾಳಾಯಿತು.

ಕೊನೆಗೆ ಟ್ಯಾಂಕ್‌ನ ಮ್ಯಾನ್‌ಹೋಲ್ ತೆಗೆಸಿದೆ. ಬೆಡ್ (ಒಳಗೆ ತುಂಬಿದ ರೆಸಿನ್ ಮಣಿಗಳ ರಾಶಿ) ಮೇಲೆ ಕೆಸರಿನ ಪದರ, ಜೇನಿನ ಬಣ್ಣ ಇರಬೇಕಾದ ಮಣಿಗಳೆಲ್ಲ ತುಕ್ಕಿನ ಬಣ್ಣ. ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದೆ. ಮಣಿಗಳು ಗಟ್ಟಿಯಾಗಿ, ದುಂಡಗೇ ಇದ್ದವು. ಕ್ಲೋರಿನ್ ತಿಂದ ರೆಸಿನ್ ಆಗಿದ್ದರೆ ಮೆತ್ತಗಾಗಿರುತ್ತಿತ್ತು. ಇದು ಕೆಟ್ಟಿಲ್ಲ, ಕಬ್ಬಿಣ ಹಿಡಿದಿದೆ ಅಂತ ಅಲ್ಲೇ ಗೊತ್ತಾಯಿತು. ಬೋರ್ ನೀರಲ್ಲಿ ಕರಗಿರುವ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಗಾಳಿ ಸೋಕಿದ ಮೇಲೆ ತುಕ್ಕಾಗಿ ಮಣಿಯ ಮೇಲೂ ಒಳಗೂ ಕೂರುತ್ತದೆ, ಆಮೇಲೆ ಬರೀ ಉಪ್ಪು ನೀರಿಗೆ ಅದು ಬಿಡುವುದಿಲ್ಲ.

ಮೊದಲು ಬ್ಯಾಕ್‌ವಾಶ್, ಅಂದರೆ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ತೊಳೆಯುವುದನ್ನು, ಸರಿ ಮಾಡಿದೆ. ನಮ್ಮಲ್ಲಿ ವಾಲ್ವ್ ಅರೆಬರೆ ತೆರೆಯುತ್ತಿದ್ದರು, ರೆಸಿನ್ ಹೊರಗೆ ಹೋದೀತು ಅನ್ನೋ ಭಯ. ಬೆಡ್ ಸುಮಾರು 50% ಮೇಲೇಳದಿದ್ದರೆ ಕೆಸರು ಹೊರಬರುವುದೇ ಇಲ್ಲ. ಹೊರಹೋಗುವ ನೀರಿಗೆ ಬಿಳಿ ಬಟ್ಟೆ ಹಿಡಿದು, ಮಣಿ ಬರುತ್ತಿದೆಯಾ ಅಂತ ನೋಡುತ್ತಾ ನಿಧಾನಕ್ಕೆ ವಾಲ್ವ್ ತೆರೆದೆ. ತಣ್ಣನೆಯ ನೀರಲ್ಲಿ ಬೆಡ್ ಜಾಸ್ತಿ ಏಳುತ್ತದೆ, ಹಾಗಾಗಿ ಚಳಿಗಾಲದಲ್ಲಿ ಅದೇ ಫ್ಲೋ ಇಟ್ಟರೆ ಮಣಿ ನಿಜಕ್ಕೂ ಹೋಗಬಹುದು.

ಆಮೇಲೆ ರೆಸಿನ್ ಅನ್ನು, ಹಿಡಿದ ತುಕ್ಕು ಕರಗಿಸುವ ಸೋಡಿಯಂ ಹೈಡ್ರೋಸಲ್ಫೈಟ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದೆ. ಘಾಟು ಜೋರು, ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಲೇಬೇಡಿ. ಬೆಳಿಗ್ಗೆ ಡ್ರೈನ್ ಮಾಡಿ, ಚೆನ್ನಾಗಿ ತೊಳೆದು, ಎರಡು ಸಲ ರೀಜನರೇಷನ್ ಕೊಟ್ಟೆ. ಉಪ್ಪು ನೀರು 10%, ಕಣ್ಣಳತೆಯಲ್ಲಿ ಅಲ್ಲ, ಹೈಡ್ರೋಮೀಟರ್ ಹಾಕಿ. ಬೆಡ್ ಮೂಲಕ ಅದು ಹಾದುಹೋಗಲು ಅರ್ಧ ಗಂಟೆಗಿಂತ ಕಡಿಮೆ ಆಗದಂತೆ ನೋಡಿಕೊಂಡೆ. ನಮ್ಮ ಹಳೆಯ ತಪ್ಪು ಇದೇ ಆಗಿತ್ತು, ಬೇಗ ಮುಗಿಸಬೇಕು ಅಂತ ಹತ್ತೇ ನಿಮಿಷದಲ್ಲಿ ಎಳೆದುಬಿಡುತ್ತಿದ್ದೆವು. ಅಷ್ಟರಲ್ಲಿ ಕ್ಯಾಲ್ಸಿಯಂ ಬಿಟ್ಟು ಸೋಡಿಯಂ ಕೂರಲು ಎಲ್ಲಿ ಸಮಯ, ಅಲ್ವಾ?

ಟೆಸ್ಟ್‌ನಲ್ಲಿ ನೀಲಿ ಬಂತು. ಮೊದಲು ಸಿಗುತ್ತಿದ್ದಷ್ಟು ನೀರು ಪೂರ್ತಿ ಮರಳಿ ಬರಲಿಲ್ಲ, ಆದರೆ ಹೆಚ್ಚುಕಡಿಮೆ ಹತ್ತಿರ ಬಂತು. ಈಗ ಸಾಫ್ಟನರ್‌ಗೆ ಮುಂಚೆ ಐರನ್ ರಿಮೂವಲ್ ಫಿಲ್ಟರ್ ಹಾಕಿದ್ದೇವೆ.