ಹಳೆ ಕಾರ್ಬುರೇಟರ್ ಎಂಜಿನ್‌ಗೆ ಸೂಪರ್‌ಚಾರ್ಜರ್ ಕೂರಿಸುವುದು, ಪಿಸ್ಟನ್ ಮುರಿಯದೆ

ನನ್ನ ಎಂಜಿಬಿ, ಅಂದರೆ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1967ರದ್ದು. 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಹೊಸದಾಗಿದ್ದಾಗ 95 ಕುದುರೆ ಶಕ್ತಿ. ನನ್ನ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಎಷ್ಟೋ ಕುದುರೆಗಳು ಮುದಿಯಾಗಿ ಮಲಗಿದ್ದವು. ಈಗ ಅದರಲ್ಲಿ 6 ಪಿಎಸ್‌ಐ (ಚದರ ಇಂಚಿಗೆ 6 ಪೌಂಡ್) ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿಯ ಒತ್ತಡ, ಕೊಡುವ ಸೂಪರ್‌ಚಾರ್ಜರ್ ಇದೆ. ಏರು ಬಂದರೂ ನಾಲ್ಕನೇ ಗೇರಿನಲ್ಲೇ ಹತ್ತುತ್ತದೆ. ಆದರೆ ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಪಿಸ್ಟನ್ ಮುರಿದುಕೊಂಡೆ. ಅದಕ್ಕೆ ಕಾರಣ ಬೆರಳಿನಷ್ಟೂ ದಪ್ಪ ಇಲ್ಲದ ಒಂದು ರಬ್ಬರ್ ಪೈಪ್. ಆ ಕಥೆ ಆಮೇಲೆ ಹೇಳುತ್ತೇನೆ.

ಒಂದು ಮಾತು ಮೊದಲೇ ಗೊತ್ತಿರಲಿ. ಸೂಪರ್‌ಚಾರ್ಜರ್ (ಬ್ಲೋವರ್ ಅಂದರೂ ಇದೇ) ಸಿಲಿಂಡರಿಗೆ ಜಾಸ್ತಿ ಗಾಳಿ ತುರುಕುತ್ತದೆ, ಅಷ್ಟೇ. ಅದಕ್ಕೆ ತಕ್ಕ ಪೆಟ್ರೋಲ್ ಕೊಡುವುದು ಕಾರ್ಬುರೇಟರ್, ತಕ್ಕ ಹೊತ್ತಿಗೆ ಕಿಡಿ ಕೊಡುವುದು ಡಿಸ್ಟ್ರಿಬ್ಯೂಟರ್. ಹೊಸ ಕಾರುಗಳಲ್ಲಿ ಇವೆರಡನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಳೆ ಕಾರಿನಲ್ಲಿ ಆ ಕಂಪ್ಯೂಟರ್ ನೀವೇ.

ಮೊದಲು ಎಂಜಿನ್ ನೋಡಿ

ಸುಸ್ತಾದ ಎಂಜಿನ್‌ಗೆ ಬೂಸ್ಟ್ ಕೊಡಬೇಡಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಎಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ರೇಡಿಯೇಟರ್ ಅರ್ಧ ಕಟ್ಟಿಕೊಂಡಿದ್ದರೆ ಅದೂ ಈಗಲೇ ಆಗಲಿ.

ಆಮೇಲೆ ಕಂಪ್ರೆಷನ್ ರೇಷಿಯೋ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅಮುಕುತ್ತದೆ ಅನ್ನುವುದು. ಇದು ಜಾಸ್ತಿಯಾದಷ್ಟೂ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿಗೆ ಪೆಟ್ಟು ಬೀಳುವ ಅಪಾಯ. ಲೆಕ್ಕ ಸುಲಭ. ಬೂಸ್ಟ್‌ಗೆ 14.7 (ಹೊರಗಿನ ಗಾಳಿಯ ಸಹಜ ಒತ್ತಡ) ಕೂಡಿಸಿ, 14.7ರಿಂದ ಭಾಗಿಸಿ, ಬಂದದ್ದನ್ನು ರೇಷಿಯೋಗೆ ಗುಣಿಸಿ. ನನ್ನ ಎಂಜಿನ್ 8.8 ಇತ್ತು. 6 ಪಿಎಸ್‌ಐಗೆ ಅದು 12.4 ಇದ್ದ ಹಾಗೆ ಆಗುತ್ತದೆ. ಮೇಲ್ಮೈ ಗುಂಡಿ ಬಿದ್ದಿರುವ 8.0ರ ಪಿಸ್ಟನ್ ಹಾಕಿದರೆ 11.3. ಹೆಡ್ ಬಿಚ್ಚುವ ಸೋಮಾರಿತನಕ್ಕೆ ನಾನು 8.8ರಲ್ಲೇ ಬಿಟ್ಟೆ. ಹಾಗೆ ಬಿಡಬಾರದಿತ್ತು.

ಕಾರ್ಬುರೇಟರ್ ಹಿಂದೋ ಮುಂದೋ

ಇದೇ ದೊಡ್ಡ ತೀರ್ಮಾನ. ಕಾರ್ಬುರೇಟರನ್ನು ಸೂಪರ್‌ಚಾರ್ಜರ್‌ಗಿಂತ ಮೊದಲು ಕೂರಿಸಿದರೆ, ಅದರ ಮೂಲಕ ಸೂಪರ್‌ಚಾರ್ಜರ್ ಗಾಳಿ-ಪೆಟ್ರೋಲ್ ಮಿಕ್ಸ್ಚರನ್ನು ಎಳೆದುಕೊಳ್ಳುತ್ತದೆ. ನಂತರ ಕೂರಿಸಿದರೆ ಕಾರ್ಬುರೇಟರಿನೊಳಗೆ ಒತ್ತಡದ ಗಾಳಿ ನುಗ್ಗುತ್ತದೆ. ಎರಡನೇದರಲ್ಲಿ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಹಾಕಬಹುದು, ಅದೊಂದು ಲಾಭ. ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿಗೂ ಅದೇ ಒತ್ತಡ ಕೊಡಬೇಕು. ಪೆಟ್ರೋಲ್ ಒತ್ತಡ ಯಾವಾಗಲೂ ಬೂಸ್ಟ್‌ಗಿಂತ 3-4 ಪಿಎಸ್‌ಐ ಮೇಲೇ ಇರಬೇಕು. ಟೊಳ್ಳು ಹಿತ್ತಾಳೆ ಫ್ಲೋಟ್ ಅಪ್ಪಚ್ಚಿಯಾಗಬಹುದು. ಥ್ರಾಟಲ್ ಶಾಫ್ಟಿನ ಸಂದಿಯಿಂದ ಪೆಟ್ರೋಲ್ ಆವಿ ಹೊರಗೆ ಬಂದರೆ ಬೆಂಕಿ. ಮೊದಲ ಸಲ ಮಾಡುವವರಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಳೆದುಕೊಳ್ಳುವ ಪದ್ಧತಿಯಲ್ಲಿ ಕಾರ್ಬುರೇಟರಿಗೆ ಬೂಸ್ಟ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಯಾವುದೋ ದೊಡ್ಡ ಎಂಜಿನ್ ಎಳೆಯುತ್ತಿದೆ ಅಂದುಕೊಂಡು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಹಳೆಯ ಪೆಟ್ರೋಲ್ ಪಂಪ್ ಸಾಕು. ಪೆಟ್ರೋಲ್ ಆವಿಯಾಗುತ್ತಾ ಸೂಪರ್‌ಚಾರ್ಜರನ್ನು ತಂಪು ಕೂಡ ಮಾಡುತ್ತದೆ. ರೇಡಿಯೇಟರ್ ಮುಂದೆ ಬ್ಲೋವರ್ ಇಟ್ಟುಕೊಂಡಿರುವ ಆ ನಾಲ್ಕೂವರೆ ಲೀಟರ್ ಬೆಂಟ್ಲಿಯ ಚಿತ್ರ ನೋಡಿರುತ್ತೀರಿ, ಅಲ್ವಾ? ಅದರ ಎರಡು ಎಸ್‌ಯು ಕಾರ್ಬುರೇಟರುಗಳೂ ಬ್ಲೋವರಿಗೇ ಜೋತುಬಿದ್ದಿವೆ. ಆ ಕಂಪನಿ ಕಟ್ಟಿದ ಡಬ್ಲ್ಯು. ಓ. ಬೆಂಟ್ಲಿಗೆ ಮಾತ್ರ ತನ್ನ ಎಂಜಿನ್‌ಗೆ ಇದನ್ನು ಕಟ್ಟುವುದು ಸುತರಾಂ ಇಷ್ಟವಿರಲಿಲ್ಲ.

ಒಂದು ಅಪಾಯ ಇದರಲ್ಲೂ ಇದೆ. ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಮಿಕ್ಸ್ಚರ್ ಹಂಚುವ ಕೊಳವೆ) ತುಂಬ ಪೆಟ್ರೋಲ್ ಬೆರೆತ ಗಾಳಿ ಇರುತ್ತದೆ. ಎಂಜಿನ್ ಹಿಂದಕ್ಕೆ ಹೊಡೆದರೆ ಢಂ ಅಂತ ಅಷ್ಟೂ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಮ್ಯಾನಿಫೋಲ್ಡ್‌ಗೆ ಸ್ಪ್ರಿಂಗ್ ಇರುವ ರಿಲೀಫ್ ವಾಲ್ವ್ ಬೇಕೇ ಬೇಕು. ಅದು ನಿಮ್ಮ ಬೂಸ್ಟ್‌ಗಿಂತ ಸ್ವಲ್ಪ ಮೇಲೆ ತೆರೆಯಬೇಕು. ಬಾಯಿ ಬಾನೆಟ್ಟಿನ ಕಡೆಗಿರಲಿ, ಪೆಟ್ರೋಲ್ ಪೈಪಿನ ಕಡೆಗೆ ಬೇಡ.

ಎಷ್ಟು ದೊಡ್ಡದು, ಎಷ್ಟು ಜೋರು

ನಾನು ಹಾಕಿದ್ದು ಈಟನ್ ಎಂ45. 2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್ ಕಾರಿನಲ್ಲಿ ಇದೇ ಇತ್ತು, ಹಾಗಾಗಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಮಿನಿಯಲ್ಲಿ ಅದರ ಹಿಂಬದಿಯಿಂದ ವಾಟರ್ ಪಂಪ್ ತಿರುಗುತ್ತಿತ್ತು. ಆ ತುದಿಯನ್ನು ಮುಚ್ಚಬೇಕಾಗುತ್ತದೆ. ಕೊಳ್ಳುವಾಗ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಉಜ್ಜಿದ ಸದ್ದು ಬಂದರೆ ಬಿಟ್ಟುಬಿಡಿ.

ಒಂದು ಸುತ್ತಿಗೆ ಅದು ಸುಮಾರು 737 ಸಿಸಿ ಗಾಳಿ ತಳ್ಳುತ್ತದೆ. ಎಂಜಿನ್ ನಾಲ್ಕು ಸ್ಟ್ರೋಕಿನದ್ದು, ಒಂದು ಸುತ್ತಿಗೆ 1798ರ ಅರ್ಧ, ಅಂದರೆ 899 ಸಿಸಿ ನುಂಗುತ್ತದೆ. ಕ್ರ್ಯಾಂಕ್ ಪುಲ್ಲಿ 130 ಮಿಮೀ, ಬ್ಲೋವರ್ ಪುಲ್ಲಿ 76 ಮಿಮೀ ಇಟ್ಟರೆ ಅನುಪಾತ 1.71. ಆಗ ತಳ್ಳುವ ಗಾಳಿ 1260 ಸಿಸಿ. ಇದನ್ನು 899ರಿಂದ ಭಾಗಿಸಿದರೆ 1.40. ಆ 0.40ನ್ನು 14.7ಕ್ಕೆ ಗುಣಿಸಿದರೆ 5.9 ಪಿಎಸ್‌ಐ. ಸೋರಿಕೆ, ಬಿಸಿ ಎಲ್ಲ ಸೇರಿ ಆಚೀಚೆ ಆಗುತ್ತದೆ, ಆದರೂ ನನ್ನ ಗೇಜ್ 6ರ ಹತ್ತಿರವೇ ನಿಂತಿತು. ಎಂಜಿನ್ 6000 ತಿರುಗಿದಾಗ ಬ್ಲೋವರ್ 10,260 ತಿರುಗುತ್ತದೆ. ಎಂ45ಗೆ ಅದು ಹೊರೆಯೇನಲ್ಲ.

ಬೆಲ್ಟ್ ಆರು ಗೆರೆಯ ಚಪ್ಪಟೆಯದ್ದೇ ಇರಲಿ. ಟೆನ್ಷನರ್ ಸಡಿಲ ಬೀಳುವ ಬದಿಯಲ್ಲಿ ಇರಬೇಕು. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯಾ ಅಂತ ಉಕ್ಕಿನ ಪಟ್ಟಿ ಇಟ್ಟು ನೋಡಿ, ಕಣ್ಣಳತೆ ನಂಬಬೇಡಿ. ಎರಡು ಕಾರ್ಬುರೇಟರ್ ತೆಗೆದು ಎಸ್‌ಯುನದೇ ಒಂದು ಎಚ್‌ಐಎಫ್44 ಹಾಕಿದೆ. ಎಸ್‌ಯು ಡ್ಯಾಶ್‌ಪಾಟ್ (ಮೇಲಿನ ಗುಮ್ಮಟದಂಥ ಭಾಗ) ನೆಟ್ಟಗೆ ನಿಲ್ಲಬೇಕು. ಥ್ರಾಟಲ್‌ಗೆ ಎರಡು ರಿಟರ್ನ್ ಸ್ಪ್ರಿಂಗ್ ಹಾಕಿ, ಒಂದು ತುಂಡಾದರೆ ಇನ್ನೊಂದು ಕಾಯುತ್ತದೆ.

ಸಣ್ಣ ಪೈಪುಗಳು

ಎಂಜಿನ್ನಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಮ್ಯಾನಿಫೋಲ್ಡ್‌ಗೆ ಸೇರಿದ್ದರೆ, ಬೂಸ್ಟ್ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಸೀಲುಗಳಿಂದ ಆಯಿಲ್ ಕಾರಿಸುತ್ತದೆ. ಅದನ್ನು ಆಯಿಲ್ ಹಿಡಿದಿಡುವ ಕ್ಯಾಚ್ ಟ್ಯಾಂಕಿಗೆ ತಿರುಗಿಸಿ. ಬ್ರೇಕ್ ಸರ್ವೋ ಇದ್ದರೆ ಅದರ ಒನ್‌ವೇ ವಾಲ್ವ್ ಊದಿ ನೋಡಿ. ಒಂದೇ ಕಡೆ ಗಾಳಿ ಹೋಗಬೇಕು.

ಈಗ ಆ ರಬ್ಬರ್ ಪೈಪಿನ ಕಥೆ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ ಪೈಪನ್ನು (ವ್ಯಾಕ್ಯೂಮ್ ಸಿಕ್ಕಾಗ ಕಿಡಿಯನ್ನು ಬೇಗ ಕೊಡಿಸುವುದು ಇದೇ) ಕಾರ್ಬುರೇಟರ್ ಮತ್ತು ಬ್ಲೋವರ್ ನಡುವೆ ಸಿಕ್ಕಿಸಿದ್ದೆ. ಅಲ್ಲಿ ವ್ಯಾಕ್ಯೂಮ್ ಇದೆ, ಸರಿ ಅಂದುಕೊಂಡೆ. ಅರ್ಧ ಎಕ್ಸಿಲರೇಟರಿನಲ್ಲಿ ಆ ಜಾಗದಲ್ಲಿ ವ್ಯಾಕ್ಯೂಮ್ ಇರುವಾಗಲೇ ಬ್ಲೋವರಿನ ಆಚೆ ಬೂಸ್ಟ್ ಶುರುವಾಗಿರುತ್ತದೆ. ಕಿಡಿಯ ಟೈಮಿಂಗ್ ಹಿಂದೆ ಸರಿಯಬೇಕಾದ ಹೊತ್ತಿಗೆ ಸರಿಯಾಗಿ ಮುಂದಕ್ಕೆ ಓಡುತ್ತದೆ. ಉದ್ದ ಏರಿನಲ್ಲಿ ತಗಡಿನ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬಂತು. ಬ್ಲೋವರಿನ ಸದ್ದಿನಲ್ಲಿ ಅದು ಸರಿಯಾಗಿ ಕೇಳಲೂ ಇಲ್ಲ. ಮರುದಿನ ಪ್ಲಗ್ ಬಿಚ್ಚಿದೆ. ಮೂರನೇದರ ಬಿಳಿ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕೆಗಳು. ಮಸಿ ಅಂದುಕೊಂಡು ಉಗುರಿನಿಂದ ಕೆರೆದೆ. ಹೋಗಲಿಲ್ಲ. ಅದು ಅಲ್ಯೂಮಿನಿಯಂ, ನನ್ನದೇ ಪಿಸ್ಟನ್ನಿನದು. ಕಂಪ್ರೆಷನ್ ಅಳೆದಾಗ ಉಳಿದ ಸಿಲಿಂಡರುಗಳು 150 ಪಿಎಸ್‌ಐ ತೋರಿಸಿದರೆ ಮೂರನೇದು 90. ಹೆಡ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದಾಗ ಮೊದಲೆರಡು ರಿಂಗುಗಳ ನಡುವಿನ ಅಂಚು ತುಂಡಾಗಿ ಕೈಗೇ ಬಂತು. ಸೋಮಾರಿತನಕ್ಕೆ ಬಿಟ್ಟ ಹೆಡ್ಡನ್ನು ಕಡೆಗೂ ಬಿಚ್ಚಿದೆ, 8.0ರ ಪಿಸ್ಟನ್ ಹಾಕಿದೆ.

ಈಗ ಆ ಪೈಪನ್ನು ತೆಗೆದು ಬಾಯಿ ಮುಚ್ಚಿದ್ದೇನೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಕುಡಿಯಲಿ. ಒಂದು ಪಿಎಸ್‌ಐ ಬೂಸ್ಟ್‌ಗೆ ಒಂದು ಡಿಗ್ರಿಯಂತೆ ಒಟ್ಟು ಟೈಮಿಂಗನ್ನು 32ರಿಂದ 26ಕ್ಕೆ ಇಳಿಸಿದೆ. ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ 6ರ ಬದಲು 7 ನಂಬರಿನದು ಹಾಕಿ, ಗ್ಯಾಪ್ 0.6 ಮಿಮೀ ಇಡಿ.

ಸೂಜಿ ಉಜ್ಜುವುದು

ಕಿವಿ, ಮೂಗು, ಪ್ಲಗ್ ಬಣ್ಣ ನಂಬಿ ಮಿಕ್ಸ್ಚರ್ ಹೊಂದಿಸುವ ಹಳಬರಿದ್ದಾರೆ. ನಾನು ವೈಡ್‌ಬ್ಯಾಂಡ್ ಗೇಜ್ ಹಾಕಿ ಅನ್ನುತ್ತೇನೆ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನುವುದನ್ನು ಅದು ತೋರಿಸುತ್ತದೆ. ಸೆನ್ಸರನ್ನು ಎಕ್ಸಾಸ್ಟ್ ಪೈಪಿನ ಮೇಲ್ಬದಿಗೆ ಕೂರಿಸಿ, ನೀರು ನಿಲ್ಲಬಾರದು. ಹಳೆ ಬ್ರಿಟಿಷ್ ಕಾರಿದ್ದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ನನ್ನದರಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಅರ್ತ್ ಆಗಿತ್ತು. ಹಾಗೇ ಗೇಜ್ ಜೋಡಿಸಿದರೆ ಸುಟ್ಟುಹೋಗುತ್ತದೆ. ಬ್ಯಾಟರಿ ತಿರುಗಿಸಿ, ಕಾಯಿಲ್ ವೈರ್ ಅದಲುಬದಲು ಮಾಡಿ, ಡೈನಮೋ ಧ್ರುವ ಬದಲಿಸಿ, ಆರ್‌ಪಿಎಂ ಮೀಟರಿನ ಒಳಗಿನ ವೈರಿಂಗ್ ಕೂಡ ಸರಿ ಮಾಡಬೇಕು.

ಸಲೀಸಾಗಿ ಹೋಗುವಾಗ ಗೇಜ್ 14ರ ಸುತ್ತ ಇರಲಿ. ಪೂರ್ತಿ ಬೂಸ್ಟ್‌ನಲ್ಲಿ 11.5ರಿಂದ 12. ಅಲ್ಲಿ 12.5 ದಾಟಿದರೆ ತಕ್ಷಣ ಕಾಲು ಎತ್ತಿ. ಎಸ್‌ಯುನಲ್ಲಿ ಜೆಟ್ ಒಂದೇ, ಅದರೊಳಗೆ ಇಳಿದಿರುವ ಮೊನಚು ಸೂಜಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕಾರ್ಬುರೇಟರಿನೊಳಗಿನ ಪಿಸ್ಟನ್ ಎಷ್ಟು ಮೇಲೆದ್ದರೆ ಸೂಜಿಯ ಅಷ್ಟು ತೆಳ್ಳನೆಯ ಭಾಗ ಜೆಟ್ಟಿಗೆ ಬರುತ್ತದೆ. ಮೊದಲು ರಿಚ್ (ಪೆಟ್ರೋಲ್ ಜಾಸ್ತಿ ಬಿಡುವ) ಸೂಜಿ ಹಾಕಿ ನೋಡಿ. ಒಂದೇ ಕಡೆ ಲೀನ್ (ಪೆಟ್ರೋಲ್ ಕಡಿಮೆ) ಉಳಿದರೆ, ಸೂಜಿಯನ್ನು ಡ್ರಿಲ್ಲಿಗೆ ಕಚ್ಚಿಸಿ, ನಿಧಾನ ತಿರುಗಿಸಿ, ಅಷ್ಟೇ ಜಾಗವನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ. ಎರಡು ಸಲ ಸವರಿ ನಿಲ್ಲಿಸಿ, ಮೈಕ್ರೋಮೀಟರಿನಲ್ಲಿ ಅಳೆಯಿರಿ, ಓಡಿಸಿ ನೋಡಿ, ಮತ್ತೆ ಬನ್ನಿ. ನಾನು ಹಾಳು ಮಾಡಿದ ಮೂರು ಸೂಜಿ ಡಬ್ಬದಲ್ಲಿವೆ. ಉಜ್ಜಿದ್ದನ್ನು ವಾಪಸ್ ಅಂಟಿಸಲು ಆಗುವುದಿಲ್ಲವಲ್ಲ.

ಮೊದಲ ದಿನ ಅರ್ಧ ಗಂಟೆ ಮೆತ್ತಗೆ ಓಡಿಸಿ, ಬಾನೆಟ್ ತೆಗೆದು ಬೆಲ್ಟ್ ಸುತ್ತ ಕಪ್ಪು ಪುಡಿ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ. ಎಂಜಿನ್ ತಣ್ಣಗಾದ ಮೇಲೆ ಮ್ಯಾನಿಫೋಲ್ಡ್ ನಟ್ ಇನ್ನೊಮ್ಮೆ ಬಿಗಿ ಮಾಡಿ. ವಾರ ಕಳೆದ ಮೇಲೆ ಪ್ಲಗ್ ಬಿಚ್ಚಿ, ಲೆನ್ಸ್ ಹಿಡಿದು ಪಿಂಗಾಣಿ ನೋಡಿ. ನಾನು ಇವತ್ತಿಗೂ ಮೂರನೇದನ್ನೇ ಮೊದಲು ಬಿಚ್ಚುತ್ತೇನೆ.